ಬೇಕರಿಯವನ ಮಗಳ ಬಲಗೈ

ಬೇಕರಿಯವನಿಗೆ ಜಡೆ ಹೆಣೆಯುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಮೂರು ಎಳೆ ಹಿಟ್ಟು ಹೆಣೆದು, ಮೇಲೆ ಹಾಲು ಸವರಿ ಭಟ್ಟಿಗೆ ತಳ್ಳುವ ಜಡೆ ಬ್ರೆಡ್ಡು ಅವನ ಅಂಗಡಿಯಲ್ಲಿ ಬಲು ಹೆಸರುವಾಸಿ. ಹಾಗಾಗಿ ಮದುವೆ ವಯಸ್ಸಿಗೆ ಬಂದ ಮಗಳನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿಕೊಂಡು ಅವಳ ಕೂದಲಿಗೆ ಕೈಹಾಕಿದ ಮೊದಲ ದಿನವೇ ಜಡೆ ಅಚ್ಚುಕಟ್ಟಾಗಿ ಬಂತು. ಬಾಗಿಲಿಗೊರಗಿ ನೋಡುತ್ತಿದ್ದ ಅವನ ತಾಯಿ, "ಇನ್ನು ಹಾಲು ಸವರೋದೊಂದು ಬಾಕಿ," ಎಂದಳು.

ಯಾರೂ ನಗಲಿಲ್ಲ. ಬೇರೆ ದಿನವಾಗಿದ್ದರೆ ಮೊದಲು ನಗುತ್ತಿದ್ದವಳು ಮಗಳೇ. ಅಂಬೆಗಾಲಿಡುವಾಗಲೇ ತಟ್ಟೆಯಿಂದ ಬಿಸಿ ಬನ್ನು ಎಗರಿಸಿದವಳು ಎಂದು ಅಜ್ಜಿ ಅವಳಿಗೆ ಚೂಟಿ ಎಂದು ಹೆಸರಿಟ್ಟಿದ್ದಳು. ಈಗ ಚೂಟಿ ಬ್ಯಾಂಡೇಜು ಸುತ್ತಿದ ಬಲಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದ ಮನೆಯವರ ಪದಾರ್ಥ ಕಾಯುತ್ತಿರುವವಳ ಹಾಗೆ ಕೂತಿದ್ದಳು.

ಬೇಕರಿ ಮನೆಯ ಹಿಂಭಾಗದಲ್ಲೇ ಇತ್ತು. ಹಿಟ್ಟು ಲಟ್ಟಿಸುವ ಮೆಷಿನ್ನು ಒಂದು ಕೋಣೆಯಲ್ಲಿ, ಅದರ ಸ್ವಿಚ್ಚು ಗೋಡೆಯ ಈಚೆ ಮೈದಾ ಮೂಟೆಗಳ ಕೋಣೆಯಲ್ಲಿ. ಯಾವ ಪುಣ್ಯಾತ್ಮ ಹಾಗೆ ವೈರು ಎಳೆದನೋ! ಅದಕ್ಕೇ ಬೇಕರಿಯವನ ಅಪ್ಪನ ಕಾಲದಿಂದ ಅಲ್ಲೊಂದು ಕಟ್ಟಳೆ. ಸ್ವಿಚ್ಚಿನ ಹತ್ತಿರ ನಿಂತವರು "ಕೈ!" ಎಂದು ಕೂಗಬೇಕು. ರೋಲರಿನ ಹತ್ತಿರ ಇರುವವರು "ತೆಗ್ದೆ!" ಎನ್ನಬೇಕು. ಆಮೇಲೇ ಸ್ವಿಚ್ಚು. ದಿನಕ್ಕೆ ಹತ್ತು ಸಲ ಕೇಳಿ ಕೇಳಿ ನೆರೆಯವರಿಗೂ ಅದು ಬಾಯಿಪಾಠವಾಗಿತ್ತು.

ಅಪ್ಪ ಮಗಳ ಜಗಳ ಹತ್ತಿದ್ದು ಬನ್ನಿನ ಸಕ್ಕರೆಗೆ. ಹಲ್ಲು ಜುಮ್ಮೆನ್ನುವಷ್ಟು ಸಿಹಿ ಯಾರಿಗೆ ಬೇಕು ಎಂದು ಚೂಟಿ ಅವನನ್ನು ಒಂದು ಮಾತೂ ಕೇಳದೆ ಸಕ್ಕರೆ ಕಡಿಮೆ ಮಾಡಿದಳು. ಅವನು ಗಿರಾಕಿಗಳ ಎದುರೇ ಕೂಗಾಡಿದ. ಅವಳೂ ಬಿಡಲಿಲ್ಲ. ಅಲ್ಲಿಂದ ಮಾತು ಬಂದ್. ಆ ಮನೆಯಲ್ಲಿ ಮಾತು ಬಿಡುವುದಕ್ಕೂ ಒಂದು ರೂಢಿಯಿತ್ತು, ಎಲ್ಲವೂ ಅಜ್ಜಿಯ ಮೂಲಕ. "ಅಜ್ಜಿ, ನಿನ್ನ ಮಗನಿಗೆ ಯೀಸ್ಟ್ ಮುಗೀತು ಅಂತ ಹೇಳು." "ಅಮ್ಮಾ, ನಿನ್ನ ಮೊಮ್ಮಗಳಿಗೆ ತರ್ತೀನಿ ಅಂತ ಹೇಳು." ಇಬ್ಬರೂ ಎದುರೆದುರೇ ನಿಂತಿರುತ್ತಿದ್ದರು. ಅಜ್ಜಿ, "ನಾನೇನು ಟೆಲಿಫೋನ್ ಕಂಬವಾ?" ಎಂದು ಗೊಣಗುತ್ತಿದ್ದಳು.

ಆ ದಿನ ಬೆಳಿಗ್ಗೆ ಅಜ್ಜಿ ಅಂಗಡಿಯ ಮುಂದುಗಡೆ ಇದ್ದಳು. ಚೂಟಿ ರೋಲರಿಗೆ ಅಂಟಿದ ಹಿಟ್ಟು ಕೆರೆಯುತ್ತಿದ್ದಳು. ಅವನು ಸ್ವಿಚ್ಚಿನ ಹತ್ತಿರ ಬಂದು ನಿಂತ. ಕೂಗಿದರೆ ಜಗಳದಲ್ಲಿ ಮೊದಲು ಬಾಯಿ ಬಿಟ್ಟವನು ತಾನಾಗುತ್ತಿದ್ದ. ಗೋಡೆಯಾಚೆ ಬಕೆಟ್ಟಿನ ಸದ್ದಾಯಿತು. ಕೆರೆದು ಮುಗಿಸಿರಬೇಕು ಅಂದುಕೊಂಡ. ಸ್ವಿಚ್ಚು ಒತ್ತಿದ.

ರೋಲರಿಗೆ ಸಿಕ್ಕಿದ್ದು ಅಂಗೈಯ ಅರ್ಧ ಮತ್ತು ಕೊನೆಯ ಮೂರು ಬೆರಳು. ಆಸ್ಪತ್ರೆಯಲ್ಲಿ ಮೂಳೆಗೆ ತಂತಿ ಹಾಕಿದರು, ಕಡಿದ ನರ ಹೊಲಿದರು. ಏನಾಯಿತೆಂದು ಕೇಳಿದ ಡಾಕ್ಟರಿಗೆ ಚೂಟಿ, "ನನ್ನದೇ ಅವಸರ," ಎಂದಳು. ಪಕ್ಕದಲ್ಲೇ ನಿಂತಿದ್ದ ಅವನು ಸುಮ್ಮನಿದ್ದ. ಅವನು ಕೂಗಲಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನೆರೆಯವರಿಗೂ ಗೊತ್ತಿತ್ತು. ಆದರೂ ಯಾರೂ ಒಂದು ಮಾತು ಅನ್ನಲಿಲ್ಲ. ತಟ್ಟೆಗೆ ಬಡಿಸಿದರು, ಒಗೆದ ಅಂಗಿ ಮಡಿಸಿಟ್ಟರು.

ಬ್ಯಾಂಡೇಜು ಬಿಚ್ಚಿ ತಂತಿ ತೆಗೆದ ಮೇಲೆ ಆಸ್ಪತ್ರೆಯವರು ಮಹಡಿಯ ಮೇಲಿನ ಒಂದು ಕೋಣೆಗೆ ಕಳಿಸಿದರು. ಅಲ್ಲಿ ನಲ್ಲಿ, ಬೀಗ, ಚಿಲಕ, ಅಂಗಿಯ ಗುಂಡಿ, ಡಬ್ಬಿ ಮುಚ್ಚಳ ಎಲ್ಲವನ್ನೂ ಹಲಗೆಗಳ ಮೇಲೆ ಕೂರಿಸಿ ಇಟ್ಟಿದ್ದರು. ಕೈಗೆ ಪೆಟ್ಟಾದವರಿಗೆ ವ್ಯಾಯಾಮ ಮಾಡಿಸುವ ಹೆಂಗಸು, ನಡುವಯಸ್ಸಿನವಳು, ಚೂಟಿಯ ಎದುರು ಸ್ಟೂಲು ಎಳೆದುಕೊಂಡು ಕೂತಳು. ಕೈ ಮುಟ್ಟಲಿಲ್ಲ.

"ಈ ಕೈಯಲ್ಲಿ ಮೊದಲು ಏನು ಮಾಡಬೇಕು ಅಂತ ಆಸೆ ನಿಮಗೆ?"

"ಎಲ್ಲಾ ಮೊದಲಿನ ಹಾಗೇ ಆಗಬೇಕು ಮೇಡಂ," ಎಂದ ಬೇಕರಿಯವನು. "ಎಷ್ಟು ದಿನ ಆದರೂ ಸರಿ. ನಾನಿದ್ದೀನಿ."

"ನಾನು ಇವರನ್ನ ಕೇಳಿದ್ದು."

ಚೂಟಿ ಅಪ್ಪನ ಮುಖ ನೋಡಿದಳು. "ಬೇಕರಿ ಕೆಲಸ ಮಾಡೋ ಹಾಗಾದರೆ ಸಾಕು," ಎಂದಳು. ಆ ಹೆಂಗಸು ಅದನ್ನು ನಂಬಿದ ಹಾಗೆ ಕಾಣಲಿಲ್ಲ. ಮನೆಯಲ್ಲಿ ಮಾಡಬೇಕಾದ್ದನ್ನು ತೋರಿಸಿದಳು. ಎಡಗೈಯಿಂದ ಬಲಗೈಯ ಬೆರಳುಗಳನ್ನು ಮೆಲ್ಲಗೆ ಮಡಿಸಿ ಬಿಡಬೇಕು, ನೋವಾಗುವ ಕಡೆ ನಿಲ್ಲಿಸಬೇಕು, ಚಮಚ ಹಿಡಿಯಬೇಕು, ತನ್ನ ಗುಂಡಿ ತಾನೇ ಹಾಕಿಕೊಳ್ಳಬೇಕು. "ಬಲವಂತ ಮಾತ್ರ ಬೇಡ. ನಿಮ್ಮ ಕೈ ನಿಮಗೆ ಹೇಳುತ್ತೆ ಎಲ್ಲಿ ಸಾಕು ಅಂತ."

ಆದರೆ ಮನೆಯಲ್ಲಿ ಆ ಕೈಯ ಮಾತು ಕೇಳಲು ಯಾರಿಗೂ ಪುರುಸೊತ್ತು ಸಿಗಲಿಲ್ಲ. ಅಷ್ಟರಲ್ಲಿ ಅಪ್ಪ ಮುಂದೆ ಬಿದ್ದು ಎಲ್ಲ ಮಾಡಿ ಮುಗಿಸಿರುತ್ತಿದ್ದ. ಹಲ್ಲುಜ್ಜುವ ಬ್ರಷ್ಷಿಗೆ ಪೇಸ್ಟು ಹಾಕಿಟ್ಟ. ಚಪ್ಪಲಿಯ ಪಟ್ಟಿ ಬಗ್ಗಿ ತಾನೇ ಬಿಗಿದ. ಊಟಕ್ಕೆ ಕೂತರೆ ಕಲಸಿ ತುತ್ತು ಮಾಡಿ ಬಾಯಿಗಿಟ್ಟ.

"ಮೇಡಂ ಚಮಚ ಹಿಡಿ ಅಂದಿದ್ದಾರಲ್ಲ ರೀ," ಎಂದಳು ಎದುರು ಊಟಕ್ಕೆ ಕೂತಿದ್ದ ಅವನ ಹೆಂಡತಿ.

"ನಾಳೆಯಿಂದ ಹಿಡೀತಾಳೆ. ಇವತ್ತು ಸುಸ್ತಾಗಿದ್ದಾಳೆ."

"ಸುಸ್ತಾಗಿದ್ದೀಯೇನೇ?"

"ಇಲ್ಲ... ಹೂಂ, ಸ್ವಲ್ಪ," ಎಂದಳು ಚೂಟಿ. ಅಪ್ಪನ ತುತ್ತು ಗಾಳಿಯಲ್ಲಿ ಕಾಯುತ್ತಿತ್ತು.

ಅಜ್ಜಿಗೆ ತಡೆಯಲಾಗಲಿಲ್ಲ. "ಇವಳು ಹುಟ್ಟಿದಾಗ ಒಂದು ದಿನ ಲಂಗೋಟಿ ಬದಲಿಸಿದವನಲ್ಲ ನೀನು. ಈಗ ಎಲ್ಲಾ ಬಾಕಿ ತೀರಿಸ್ತಿದ್ದೀಯಾ?"

"ಅಮ್ಮಾ, ನೀನು ಊಟ ಮಾಡು."

"ಮಾಡ್ತಿದ್ದೀನಪ್ಪ. ನನಗೆ ಯಾರು ತುತ್ತು ಕೊಡ್ತಾರೆ?"

ಚೂಟಿ ಫಕ್ಕನೆ ನಕ್ಕಳು, ಅನ್ನ ನೆತ್ತಿಗೇರಿತು. ಅವನು ನೀರು ಕೊಡಲು ಓಡಿದ. ಹೆಂಡತಿ ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದು ಹೋದಳು. ಅವನು ಮಗಳ ಹಿಂದೆ ಸುತ್ತುತ್ತಿದ್ದುದರಿಂದ ಬೇಕರಿಯ ಅರ್ಧ ಕೆಲಸ ಅವಳ ತಲೆಗೆ ಬಂದಿತ್ತು. ಭಟ್ಟಿಯ ಮುಂದೆ ನಿಂತು ನಿಂತು ಅವಳ ಮುಖ ಕಂದಿತ್ತು. ಅದನ್ನು ಅವನು ನೋಡಲಿಲ್ಲ ಎಂದಲ್ಲ. ನೋಡಿದ, ಆದರೆ ಅವನ ತಪ್ಪಿನ ಪಟ್ಟಿಯಲ್ಲಿ ಇನ್ನೊಂದಕ್ಕೆ ಜಾಗವಿರಲಿಲ್ಲ.

ಆಮೇಲೆ ಎಣ್ಣೆ ಶುರುವಾಯಿತು. ಬೆರಳುಗಳು ಮರಗಟ್ಟಿದ ಹಾಗಿದ್ದವು, ಮಡಿಸಿದರೆ ಅರ್ಧಕ್ಕೇ ನಿಲ್ಲುತ್ತಿದ್ದವು. ಅವನಿಗೆ ಜೀವನದಲ್ಲಿ ಬರುತ್ತಿದ್ದ ವಿದ್ಯೆ ಒಂದೇ. ಬಿಗಿಯಾದ ಹಿಟ್ಟನ್ನು ಬೆಚ್ಚಗೆ ಮಾಡಿ, ಅಂಗೈಯ ಬುಡದಿಂದ ಒತ್ತಿ, ಎಳೆದು, ಮಡಿಸಿ, ಮತ್ತೆ ಒತ್ತಿದರೆ ಎಂಥ ಹಿಟ್ಟೂ ಕೊನೆಗೆ ಮಣಿಯುತ್ತದೆ. ಮೂವತ್ತು ವರ್ಷದಲ್ಲಿ ಅವನ ಕೈಗೆ ಸಿಕ್ಕಿ ಮಣಿಯದ ಹಿಟ್ಟಿಲ್ಲ. ಸಂಜೆ ಅಂಗಡಿಯ ಗಿರಾಕಿ ಕಡಿಮೆಯಾದ ಮೇಲೆ ಎಣ್ಣೆ ಬಿಸಿ ಮಾಡಿಕೊಂಡು ಬಂದು ಚೂಟಿಯ ಮುಂದೆ ಕೂತ.

"ಕೊಡು ಕೈ. ಸ್ವಲ್ಪ ಉಜ್ಜಿದರೆ ಸಡಿಲ ಆಗುತ್ತೆ."

"ಮೇಡಂ ಬಲವಂತ ಬೇಡ ಅಂದಿದ್ದರು."

"ಇದೇನು ಬಲವಂತವಾ? ನಿನ್ನಪ್ಪನ ಕೈ ಕಣೆ ಇದು."

ಹೆಬ್ಬೆರಳು ಗಾಯದ ಗೆರೆಯ ಮೇಲೆ ಓಡಿಸಿದ. ಬೆರಳುಗಳನ್ನು ಒಂದೊಂದಾಗಿ ಹಿಡಿದು ಮಡಿಸಿದ, ನಿಂತ ಕಡೆಯಿಂದ ಇನ್ನೊಂದಿಷ್ಟು ಒತ್ತಿದ. ಚೂಟಿ ಗೋಡೆಯ ಕಡೆ ತಿರುಗಿದ್ದಳು.

"ನೋಯ್ತಿದೆಯಾ?"

"ಇಲ್ಲಪ್ಪ. ಹಿತವಾಗಿದೆ."

ಹಿತವಾಗಿದೆ! ಆ ದಿನದಿಂದ ಈಚೆಗೆ ಅವನಿಗೆ ಯಾರೂ ಕೊಡದ ವರ ಅದು. ಅವತ್ತು ಅವನು ತಲೆದಿಂಬಿಗೆ ತಲೆಯಿಟ್ಟ ಕೂಡಲೇ ನಿದ್ದೆ ಹೋದ. ಮರುದಿನ ಸಂಜೆ ಯಾವಾಗ ಆಗುತ್ತದೋ ಎಂದು ಕಾದ. ಆಮೇಲೆ ಅದೊಂದು ನೇಮವೇ ಆಯಿತು. ಎಣ್ಣೆಯ ಬಟ್ಟಲು ಹಿಡಿದು ಬರುವಾಗ ಅವನ ನಡಿಗೆಯಲ್ಲಿ ಹಳೇ ಗತ್ತು ಸ್ವಲ್ಪ ಮರಳಿರುತ್ತಿತ್ತು. ಗಿರಾಕಿಗಳ ಜೊತೆ ಮತ್ತೆ ತಮಾಷೆ ಮಾಡತೊಡಗಿದ. ಹೆಂಡತಿ ಅದನ್ನು ನೋಡಿದಳು. ಮಗಳು ಊಟಕ್ಕೆ ಮುಂಚೆ ಬಚ್ಚಲಿಗೆ ಹೋಗಿ ತಣ್ಣೀರಿನಲ್ಲಿ ಕೈ ಅದ್ದಿಕೊಂಡು ನಿಲ್ಲುವುದನ್ನೂ ನೋಡಿದಳು. ಕೇಳಿದರೆ ಚೂಟಿ, "ಸುಮ್ಮನಿರಮ್ಮ, ಅಪ್ಪ ಈಗೀಗ ನಗ್ತಿದ್ದಾರೆ," ಎಂದಳು.

ಮುಂದಿನ ಸಲ ಮಹಡಿಯ ಕೋಣೆಯಲ್ಲಿ ಮೇಡಂ ಕೈಯನ್ನು ಬೆಳಕಿಗೆ ಹಿಡಿದು ನೋಡಿದಳು. ಅಂಗೈ ಊದಿತ್ತು, ಗಾಯದ ಗೆರೆ ಕೆಂಪಗಿತ್ತು. ಬೆರಳುಗಳು ಹೋದ ಸಲಕ್ಕಿಂತ ಕಡಿಮೆ ಮಡಿಯುತ್ತಿದ್ದವು.

"ಯಾರು ಒತ್ತಿದ್ದು?"

"ನಾನೇ," ಎಂದಳು ಚೂಟಿ. "ಬೇಗ ಆಗ್ಲಿ ಅಂತ ಜೋರಾಗಿ ಮಾಡಿಬಿಟ್ಟೆ. ನನ್ನದೇ ಅವಸರ."

ಬೇಕರಿಯವನು ತಲೆಯೆತ್ತಿದ. ಅದೇ ಮಾತು, ಅದೇ ಧಾಟಿ. ಬಾಯಿ ತೆರೆಯಬೇಕು ಅಂದುಕೊಳ್ಳುವಷ್ಟರಲ್ಲಿ ಮೇಡಂ ಅವನ ಕಡೆ ತಿರುಗಿ, "ನೀವು ಸ್ವಲ್ಪ ಹೊರಗೆ ಕೂತಿರಿ," ಎಂದಳು.

ಹೊರಗಿನ ಬೆಂಚಿನ ಮೇಲೆ ಒಬ್ಬ ಗಾರೆ ಕೆಲಸದವನು ಕೂತಿದ್ದ. ಮೊಣಕೈಗೆ ಪಟ್ಟಿ ಸುತ್ತಿತ್ತು, ಮಡಿಲಲ್ಲಿ ಗಾರೆ ಸವರುವ ಕರಣೆ ಇತ್ತು. "ನಿನಗೆ ಬೇಕಾದ ಕೆಲಸ ಯಾವುದೋ ಅದರದ್ದೇ ಸಾಮಾನು ತಗೊಂಡು ಬಾ ಅಂದ್ರು ಮೇಡಂ. ಡಂಬೆಲ್ಸ್ ಎತ್ತಿ ನಾನೇನು ಪೈಲ್ವಾನ ಆಗ್ಬೇಕಾ?" ಎಂದು ನಕ್ಕ. "ನಿಮಗೇನಾಗಿದೆ?"

"ನನಗೇನಿಲ್ಲ. ಮಗಳಿಗೆ."

"ಹೇಗಾಯ್ತು?"

"ಮೆಷಿನ್ನು."

"ಥೂ, ಮೆಷಿನ್ನಿಗೇನು ಕಣ್ಣಿರುತ್ತಾ," ಎಂದ ಗಾರೆಯವನು ಮರುಕದಿಂದ.

"ಹೌದು," ಎಂದ ಬೇಕರಿಯವನು. ಹಾಗಂದ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು ಅವನಿಗೆ.

ಒಳಗೆ ಕರೆದಾಗ ಚೂಟಿಯ ಕಣ್ಣು ಕೆಂಪಾಗಿತ್ತು. ಹೇಳಬೇಕಾದವರು ಹೇಳಲಿ ಎಂದು ಮೇಡಂ ಕಿಟಕಿಯ ಹತ್ತಿರ ಹೋಗಿ ಏನೋ ಜೋಡಿಸುತ್ತ ನಿಂತಳು.

"ಅಪ್ಪ, ನೀವು ಉಜ್ಜಿದರೆ ನೋಯುತ್ತೆ."

"ಯಾವತ್ತಿಂದ?"

"ಮೊದಲ ದಿನದಿಂದ."

"ಮತ್ತೆ ಹಿತವಾಗಿದೆ ಅಂದೆಯಲ್ಲ!"

"ನಿಮಗೆ ಹಿತವಾಗಿತ್ತು," ಎಂದಳು ಚೂಟಿ.

ಮನೆಗೆ ಬಂದವನು ಎಣ್ಣೆಯ ಬಟ್ಟಲನ್ನು ತೊಳೆದು ಬೋರಲು ಹಾಕಿದ. ಹೆಂಡತಿ ಕೇಳಿದಳು, ಅವನು ಹೇಳಿದ, ಅಷ್ಟು ವಾರಗಳಿಂದ ತಡೆದಿಟ್ಟದ್ದು ಅವಳ ಬಾಯಿಂದ ಒಮ್ಮೆಲೇ ಹೊರಬಿತ್ತು.

"ಒಂದು ಸಲ ಮುರಿದದ್ದು ಸಾಲಲಿಲ್ವಾ ನಿಮಗೆ? ಸಕ್ಕರೆ ರೀ! ಒಂದು ಹಿಡಿ ಸಕ್ಕರೆಗೆ ಬಾಯಿಗೆ ಬೀಗ ಹಾಕ್ಕೊಂಡಿರಿ. 'ಕೈ' ಅನ್ನೋಕೆ ಎಷ್ಟು ಹೊತ್ತು ಬೇಕಿತ್ತು? ನಿಮ್ಮ ಮರ್ಯಾದೆ ಅಷ್ಟು ದೊಡ್ಡದಾ?"

ಅವನು ತಲೆ ತಗ್ಗಿಸಿ ನಿಂತ. ಬೈಗುಳ ಬಿದ್ದಷ್ಟೂ ಅವನ ಭುಜ ಸಡಿಲವಾಯಿತು. ಇದಕ್ಕೇ ಅವನು ಅಷ್ಟು ದಿನ ಕಾದಿದ್ದ. ಇನ್ನೂ ಬೈಯಲಿ, ಹೊಡೆದರೂ ಹೊಡೆಯಲಿ.

"ಸಾಕಮ್ಮ," ಎಂದಳು ಚೂಟಿ. "ಬೈದರೆ ಅವರಿಗೆ ಹಗುರ ಆಗುತ್ತೆ. ಅಷ್ಟೇ."

ಹೆಂಡತಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಹಾಗಾದರೆ ನಾನೇನು ಮಾಡಲಿ ಹೇಳೇ," ಎಂದ ಅವನು.

"ಏನೂ ಮಾಡಬೇಡಿ. ಅದೇ ಬೇಕಾಗಿರೋದು ನನಗೆ."

ಏನೂ ಮಾಡದೆ ಇರುವುದು ಎಷ್ಟು ದೊಡ್ಡ ಕೆಲಸ ಎಂದು ಅವನಿಗೆ ಗೊತ್ತಾದದ್ದು ಆಮೇಲೆ. ಚೂಟಿ ತಿನ್ನಲು ಕೂತರೆ ಚಮಚದಿಂದ ಅರ್ಧ ಮಡಿಲಿಗೆ ಬೀಳುತ್ತಿತ್ತು. ಅವನ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಅಜ್ಜಿ, "ಏಯ್!" ಎನ್ನುತ್ತಿದ್ದಳು. ಅವನು ಎರಡೂ ಅಂಗೈಗಳನ್ನು ತೊಡೆಯಡಿ ಸಿಕ್ಕಿಸಿಕೊಂಡು ಕೂರುತ್ತಿದ್ದ. ಬೆಳಿಗ್ಗೆ ಅವಳ ಕೂದಲು ಹಕ್ಕಿಗೂಡಿನ ಹಾಗಿರುತ್ತಿತ್ತು. ಹಾಗೇ ಅಂಗಡಿಯಲ್ಲಿ ಬಂದು ನಿಲ್ಲುತ್ತಿದ್ದಳು. ಒಂದು ದಿನ ಗುಂಡಿ ಹಾಕಲಾರದೆ ಅಂಗಿಯನ್ನು ಕಿತ್ತೆಸೆದು ಅತ್ತಳು. ಬಾಗಿಲಾಚೆ ನಿಂತಿದ್ದ ಅವನನ್ನು ಹೆಂಡತಿ ತೋಳು ಹಿಡಿದು ಬೇಕರಿಗೆ ಎಳೆದುಕೊಂಡು ಹೋದಳು.

"ನಡೀರಿ. ಭಟ್ಟಿ ಮುಂದೆ ನಿಂತ್ಕೊಳ್ಳಿ. ನನ್ನ ಮುಖ ನೋಡಿದ್ದೀರಾ, ಹೇಗಾಗಿದೆ ಅಂತ?"

ಅವನು ನೋಡಿದ. ಸುಟ್ಟ ಗುರುತು, ಕಣ್ಣಿನ ಕೆಳಗೆ ಕಪ್ಪು. ತಟ್ಟೆ ಎತ್ತಿಕೊಂಡು ಅವಳನ್ನು ಅಂಗಡಿಯ ನೆರಳಿಗೆ ಕಳಿಸಿದ. ಅದಕ್ಕೆ ಅವಳು ಥ್ಯಾಂಕ್ಸ್ ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಊತ ಇಳಿದ ಮೇಲೆ ಮೇಡಂ ಹಳೇ ಪ್ರಶ್ನೆಯನ್ನೇ ಮತ್ತೆ ಕೇಳಿದಳು. ಈ ಸಲ ಚೂಟಿ ಅಪ್ಪನ ಮುಖ ನೋಡಲಿಲ್ಲ.

"ಸೈಕಲ್ ಓಡಿಸ್ಬೇಕು. ಬೆಳಿಗ್ಗೆ ಅಂಗಡಿ ಅಂಗಡಿಗೆ ಬ್ರೆಡ್ಡು ಹಾಕೋಕೆ ನಾನೇ ಹೋಗ್ತಿದ್ದೆ. ದಿನಕ್ಕೆ ಅದೊಂದು ಹೊತ್ತು ನಮ್ಮನೆಯವರು ಯಾರೂ ನನ್ನ ನೋಡ್ತಿರಲಿಲ್ಲ."

ಬೇಕರಿಯವನು ಗೋಡೆ ನೋಡುತ್ತ ಕೂತ. ತನ್ನ ಮನೆಯಲ್ಲೇ ಹುಟ್ಟಿ ಬೆಳೆದವಳ ಆಸೆಯೊಂದನ್ನು ಮಹಡಿಯ ಮೇಲೆ ಪರರ ಕೋಣೆಯಲ್ಲಿ ಕೇಳಬೇಕಾಯಿತಲ್ಲ ಎಂದು ನಾಚಿಕೆಯಾಯಿತು. ಮುಂದಿನ ವಾರ ಮೇಡಂ ಎಲ್ಲಿಂದಲೋ ಒಂದು ಸೈಕಲ್ ಹ್ಯಾಂಡಲ್ ತಂದು ಮೇಜಿಗೆ ಬಿಗಿದಿದ್ದಳು. ಬ್ರೇಕಿನ ತಂತಿಗೆ ಒಂದು ಸಣ್ಣ ಸ್ಪ್ರಿಂಗು. ಚೂಟಿ ಒತ್ತಿದಳು, ಬಿಟ್ಟಳು, ಬೆವರಿದಳು. ವಾರದಿಂದ ವಾರಕ್ಕೆ ಸ್ಪ್ರಿಂಗು ಬಿಗಿಯಾಯಿತು. ತೋರುಬೆರಳಿನ ಜೊತೆ ನಡುಬೆರಳೂ ದಾರಿಗೆ ಬಂತು. ಉಂಗುರದ ಬೆರಳು ಮುಕ್ಕಾಲು ಮಡಿಯಿತು. ಕಿರುಬೆರಳು ಮಾತ್ರ ಅರ್ಧಕ್ಕೇ ನಿಂತು ಮೊಂಡು ಹಿಡಿಯಿತು.

"ಇದು ಇಷ್ಟೇ ಅನ್ಸುತ್ತೆ," ಎಂದಳು ಮೇಡಂ ಒಂದು ದಿನ, ನೇರವಾಗಿ ಚೂಟಿಗೆ.

ಚೂಟಿ ಹೂಂಗುಟ್ಟಿದಳು. ಅವಳು ಕೈ ತೊಳೆಯಲು ಹೋದಾಗ ಬೇಕರಿಯವನು ತಗ್ಗಿದ ದನಿಯಲ್ಲಿ ಕೇಳಿದ. "ಮೇಡಂ, ನಾನು ಉಜ್ಜದೆ ಇದ್ದಿದ್ದರೆ? ಅದೂ ಮಡೀತಿತ್ತಾ?"

"ಗೊತ್ತಿಲ್ಲ."

"ಹೇಳಿ ಪರವಾಗಿಲ್ಲ. ತಡ್ಕೋತೀನಿ."

"ನಿಜವಾಗ್ಲೂ ಗೊತ್ತಿಲ್ಲ. ಮಡೀಬಹುದಿತ್ತು. ಇಲ್ಲದೆಯೂ ಇರಬಹುದಿತ್ತು. ಯಾರೂ ಹೇಳೋಕಾಗಲ್ಲ."

ಹೌದು ಎಂದಿದ್ದರೆ ಅತ್ತು ಬಿಡಬಹುದಿತ್ತು, ಇಲ್ಲ ಎಂದಿದ್ದರೆ ಉಸಿರಾಡಬಹುದಿತ್ತು. ಎರಡೂ ಸಿಗದೆ ಅವನು ಮೆಟ್ಟಿಲಿಳಿದ.

ಕೆಲವು ದಿನಗಳ ಮೇಲೆ ಒಂದು ಬೆಳಿಗ್ಗೆ ಚೂಟಿ ಸೈಕಲ್ಲನ್ನು ಹೊರಗೆ ತಂದಳು. ಗಾಳಿ ಹೊಡೆದಳು, ಸರಪಣಿಗೆ ಎಣ್ಣೆ ಬಿಟ್ಟಳು. ಹಿಂದಿನ ಬುಟ್ಟಿಯಲ್ಲಿ ಏನೂ ಇರಲಿಲ್ಲ. ಅಜ್ಜಿ, ತಾಯಿ ಇಬ್ಬರೂ ಜಗಲಿಗೆ ಬಂದರು. ಬೇಕರಿಯವನು ಮೈದಾ ಮೆತ್ತಿದ ಕೈಯಲ್ಲೇ ಓಡಿಬಂದ.

"ಹಿಂದಿನಿಂದ ಹಿಡ್ಕೊಳ್ಳಲಾ?"

"ಬೇಡ. ಮುಂದೆ ಹೋಗಿ ನಿಂತ್ಕೊಳ್ಳಿ."

"ಮುಂದೆ ಅಂದರೆ?"

"ಅಲ್ಲಿ, ಗೇಟಿನ ಹತ್ತಿರ. ದಾರಿ ಮಧ್ಯದಲ್ಲಿ. ನಾನು ಬರ್ತೀನಿ. ಬಲಗೈ ಬ್ರೇಕು ಮಾತ್ರ ಹಿಡೀತೀನಿ, ಎಡಗೈದು ಮುಟ್ಟಲ್ಲ."

"ಹುಚ್ಚು ಹಿಡೀತೇನೇ ನಿನಗೆ?" ಎಂದಳು ತಾಯಿ. "ಗೋಡೆ ಕಡೆಗಾದರೂ ಓಡಿಸು."

"ಗೋಡೆ ಆದ್ರೆ ನಾನು ಒತ್ತಲ್ಲಮ್ಮ. ಗೊತ್ತು ನನಗೆ."

ಬೇಕರಿಯವನು ಹೋಗಿ ನಿಂತ. ದಾರಿ ಸ್ವಲ್ಪ ಇಳಿಜಾರು. ಚೂಟಿ ಮೇಲಿನ ತುದಿಯಲ್ಲಿ ಸೈಕಲ್ ಹತ್ತಿ ಪೆಡಲು ತುಳಿದಳು. ಮೊದಲು ಓಲಾಡಿತು, ಆಮೇಲೆ ನೆಟ್ಟಗಾಯಿತು, ಜೋರಾಯಿತು. ಬ್ರೇಕಿನ ಮೇಲೆ ಆ ಬೆರಳುಗಳು ಅವನಿಗೆ ಕಾಣುತ್ತಿದ್ದವು, ಕಿರುಬೆರಳು ಹೊರಗೆ ಚಾಚಿಕೊಂಡಿತ್ತು. ಸರಿದು ನಿಲ್ಲಬಹುದಿತ್ತು. ಕೈ ಮುಂದೆ ಚಾಚಿ ಹ್ಯಾಂಡಲ್ ಹಿಡಿಯಬಹುದಿತ್ತು. ಹಿಡಿದರೆ ಅದೂ ತಾನೇ ಮಾಡಿದ ಹಾಗಾಗುತ್ತಿತ್ತು. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತ.

ಚೂಟಿ ಹಲ್ಲು ಕಚ್ಚಿ ಒತ್ತಿದಳು. ಬ್ರೇಕು ಕಿರುಗುಟ್ಟಿತು, ಚಕ್ರ ಮಣ್ಣಿನಲ್ಲಿ ಜಾರಿತು, ನಿಧಾನವಾಯಿತು, ಆದರೆ ಪೂರ್ತಿ ನಿಲ್ಲುವ ಮೊದಲು ಅವನ ಮೊಣಕಾಲಿಗೆ ಧಡ್ ಎಂದು ಬಡಿಯಿತು. ಜಗಲಿಯಿಂದ ಅಜ್ಜಿ ಕಿರುಚಿದಳು.

ಚೂಟಿ ಒಂದು ಕಾಲು ಊರಿ ನಿಂತಿದ್ದಳು. ಏದುಸಿರು ಬಿಡುತ್ತಿದ್ದಳು.

"ನೋವಾಯ್ತಾ ಅಪ್ಪ?"

ಇಲ್ಲಮ್ಮ, ಏನೂ ಆಗಿಲ್ಲ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

"ಆಯ್ತು," ಎಂದ ಬೇಕರಿಯವನು. "ಚೆನ್ನಾಗೇ ನೋವಾಯ್ತು."

"ಸರಿ," ಎಂದು ಚೂಟಿ ಸೈಕಲ್ ತಿರುಗಿಸಿದಳು. "ಅಲ್ಲೇ ನಿಂತಿರಿ. ಇನ್ನೊಂದು ಸಲ ಬರ್ತೀನಿ."

ಅವನು ಅಲ್ಲೇ ನಿಂತ.